ಮನೆಬಾಗಿಲಿಗೆ ಬಂದ ಬ್ಯಾಂಕು

ಹೊಸದಾಗಿ ಉದ್ಯಮವನ್ನು ಆರಂಭಿಸುವವನಿಗೆ ಬಂಡವಾಳ ಬೇಕು, ಸ್ಥಳ ಬೇಕು, ಸರಕು ಬೇಕು. ಇವುಗಳನ್ನು ಸಾಲ ತಂದಾದರೂ ಒದಗಿಸಿಕೊಳ್ಳಬಹುದು. ಆದರೆ ಯಾರಿಂದಲೂ ಸಾಲವಾಗಿ ದೊರೆಯದ ವಸ್ತುವೊಂದಿದೆ. ಅದೇ ಗ್ರಾಹಕನ ನಂಬಿಕೆ. ಹಳೆಯ ಅಂಗಡಿಗೆ ಹೆಸರಿರುತ್ತದೆ. ಆ ಹೆಸರೇ ಜನರನ್ನು ಕರೆತರುತ್ತದೆ. ಹೊಸ ಅಂಗಡಿಗೆ ಆ ಭಾಗ್ಯವಿಲ್ಲ. ಅದರ ಮೊದಲ ಗ್ರಾಹಕರು ಎಲ್ಲಿಂದ ಬರಬೇಕು? ಒಮ್ಮೆ ಬಂದವರು ಮತ್ತೆ ಏಕೆ ಬರಬೇಕು? ಸುಮಾರು ನೂರು ವರ್ಷಗಳ ಹಿಂದೆ ನಮ್ಮ ಕರಾವಳಿಯಲ್ಲಿ ಈ ಪ್ರಶ್ನೆಗಳಿಗೆ ದೊರೆತ ಉತ್ತರವು ಇಂದಿಗೂ ಮನನಯೋಗ್ಯವಾಗಿದೆ.

1925ರಲ್ಲಿ ಉಡುಪಿಯಲ್ಲಿ ‘ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್’ ಎಂಬ ಸಂಸ್ಥೆ ಹುಟ್ಟಿತು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ ಇದೇ. ಇದನ್ನು ಕಟ್ಟಿದವರು ಮೂವರು: ವ್ಯಾಪಾರಿಗಳಾದ ಉಪೇಂದ್ರ ಅನಂತ ಪೈ, ಇಂಜಿನಿಯರರಾದ ವಾಮನ ಕುಡ್ವ ಮತ್ತು ವೈದ್ಯರಾದ ಡಾ. ಟಿ. ಎಂ. ಎ. ಪೈ. ಅವರು ಹೂಡಿದ ಬಂಡವಾಳ 8,000 ರೂಪಾಯಿ. ಆ ಕಾಲದಲ್ಲಿ ಕೈಮಗ್ಗದ ಉದ್ಯೋಗವು ಬಿಕ್ಕಟ್ಟಿಗೆ ಸಿಲುಕಿ, ಸುತ್ತಲಿನ ನೇಕಾರರು ಕಷ್ಟದಲ್ಲಿದ್ದರು. ಅವರಿಗೆ ಹಣದ ನೆರವು ನೀಡುವುದು, ಆ ಹಣವನ್ನು ಊರಿನ ಜನರ ಸಣ್ಣ ಉಳಿತಾಯಗಳಿಂದಲೇ ಕೂಡಿಸುವುದು ಸಂಸ್ಥೆಯ ಉದ್ದೇಶವಾಗಿತ್ತು.

ಉದ್ದೇಶವೇನೋ ಉದಾತ್ತವಾದುದು, ಹಾದಿ ಮಾತ್ರ ಸುಗಮವಾಗಿರಲಿಲ್ಲ. ಮಂಗಳೂರು ಮತ್ತು ಉಡುಪಿಗಳಲ್ಲಿ 1906ರಿಂದಲೇ ಬ್ಯಾಂಕುಗಳು ನಡೆಯುತ್ತಿದ್ದವು. ಹೆಚ್ಚು ಹಣವುಳ್ಳವರು ಪರಿಚಿತ ಸಂಸ್ಥೆಗಳನ್ನೇ ನೆಚ್ಚುವುದು ಸಹಜ. ಇನ್ನು ನೇಕಾರ, ಕೂಲಿಕಾರ, ಸಣ್ಣ ಅಂಗಡಿಯವ ಮೊದಲಾದವರ ಸಂಪಾದನೆ ದಿನದಿನದ್ದು. ಬಂದದ್ದು ಅಂದೇ ಕರಗಿಹೋಗುವಂಥದು. ಎರಡಾಣೆಯನ್ನು ಕಟ್ಟಲು ಬ್ಯಾಂಕಿಗೆ ನಡೆದುಹೋದರೆ ಅರ್ಧ ದಿನದ ದುಡಿಮೆಯೇ ನಷ್ಟವಾದೀತು. ಅಷ್ಟು ಅಲ್ಪ ಹಣವನ್ನು ಹಿಡಿದು ಮೇಜಿನ ಮುಂದೆ ನಿಲ್ಲಲು ಸಂಕೋಚವೂ ಇದ್ದೀತು.

ಈ ತೊಡಕಿಗೆ ಪರಿಹಾರವಾಗಿ 1928ರಲ್ಲಿ ಬಂದದ್ದು ‘ಪಿಗ್ಮಿ’ ಠೇವಣಿ ಯೋಜನೆ. ಪಿಗ್ಮಿ ಎಂಬ ಮಾತಿಗೆ ಇಲ್ಲಿ ಅತಿ ಚಿಕ್ಕದು ಎಂದರ್ಥ. ಜನರು ಬ್ಯಾಂಕಿಗೆ ಬರಲಾರರಾದರೆ ಬ್ಯಾಂಕೇ ಜನರ ಬಳಿಗೆ ಹೋಗಲಿ ಎಂಬುದು ಇದರ ತಿರುಳು. ಬ್ಯಾಂಕಿನ ಏಜೆಂಟನು ದಿನವೂ ಮನೆಮನೆಗೆ, ಅಂಗಡಿ ಅಂಗಡಿಗೆ ಹೋಗಿ, ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸ್ವೀಕರಿಸಿ ಲೆಕ್ಕಕ್ಕೆ ಸೇರಿಸುತ್ತಿದ್ದನು. ಹದಿನಾರು ಆಣೆಗೆ ಒಂದು ರೂಪಾಯಿಯಾಗಿದ್ದ ಕಾಲವದು. ದಿನಕ್ಕೆ ಎರಡಾಣೆಯಂತೆ ತಪ್ಪದೆ ಕಟ್ಟಿದರೆ ವರ್ಷದ ಕೊನೆಗೆ 730 ಆಣೆ, ಎಂದರೆ 45 ರೂಪಾಯಿ 10 ಆಣೆ ಕೂಡುತ್ತಿತ್ತು. ಹನಿಗೂಡಿದರೆ ಹಳ್ಳ ಎಂಬ ಗಾದೆಯು ಹೀಗೆ ಲೆಕ್ಕದ ಪುಸ್ತಕದಲ್ಲಿ ನಿಜವಾಯಿತು.

ಆದರೆ ಆ ಎರಡಾಣೆಯನ್ನು ಕೊಟ್ಟವನು ಎಂಥ ಧೈರ್ಯ ಮಾಡಿದ್ದನೆಂಬುದನ್ನು ನಾವು ಯೋಚಿಸಬೇಕು. ನಮ್ಮ ದೇಶದಲ್ಲಿ ಬ್ಯಾಂಕು ಠೇವಣಿಗಳಿಗೆ ವಿಮೆಯ ರಕ್ಷಣೆ ದೊರೆತದ್ದು 1962ರಲ್ಲಿ. ಅದಕ್ಕೆ ಮೊದಲು ಬ್ಯಾಂಕೊಂದು ಮುಳುಗಿದರೆ ಬಡವನ ಇಡುಗಂಟೂ ಅದರೊಡನೆ ಮುಳುಗಬಹುದಾಗಿತ್ತು. ಮಗಳ ಮದುವೆಗೆಂದೋ ಮಳೆಗಾಲದ ಅಕ್ಕಿಗೆಂದೋ ಹೊಟ್ಟೆಬಟ್ಟೆ ಕಟ್ಟಿ ಉಳಿಸಿದ ಹಣವದು. ಬ್ಯಾಂಕಿನ ಕಟ್ಟಡವನ್ನೇ ಕಾಣದವನಿಗೆ ದಿನವೂ ಬಾಗಿಲಿಗೆ ಬರುವ ಏಜೆಂಟನೇ ಬ್ಯಾಂಕು. ಅವನು ಹೇಳಿದ ಹೊತ್ತಿಗೆ ಬಂದರೆ ಬ್ಯಾಂಕು ಮಾತಿಗೆ ನಿಂತಂತೆ. ಲೆಕ್ಕವನ್ನು ಕಣ್ಣೆದುರು ಬರೆದರೆ ಬ್ಯಾಂಕು ಪ್ರಾಮಾಣಿಕವಾದಂತೆ. ಅವನು ತಪ್ಪಿದರೆ ಬ್ಯಾಂಕೇ ತಪ್ಪಿದಂತೆ. ನಂಬಿಕೆಯೆಂಬುದು ಒಂದೇ ದಿನ ದೊರೆಯುವ ವಸ್ತುವಲ್ಲ; ಅದೂ ಪಿಗ್ಮಿಯಂತೆ ದಿನದಿನವೂ ಸ್ವಲ್ಪ ಸ್ವಲ್ಪವಾಗಿ ಜಮೆಯಾಗಬೇಕು.

ಈ ನಿತ್ಯಸಂಪರ್ಕದಿಂದ ಬ್ಯಾಂಕಿಗೂ ಲಾಭವುಂಟು. ಯಾವ ಕಸುಬಿನಲ್ಲಿ ಯಾವ ತಿಂಗಳು ಹಣ ಓಡಾಡುತ್ತದೆ, ಯಾರು ಕಷ್ಟದಲ್ಲಿಯೂ ಕಂತನ್ನು ತಪ್ಪಿಸುವುದಿಲ್ಲ, ಯಾರಿಗೆ ಸಾಲದ ಅಗತ್ಯವಿದೆ ಎಂಬುದು ಬಾಗಿಲಿಗೆ ಹೋಗುವವನಿಗೆ ತಿಳಿಯುತ್ತದೆ. ಒತ್ತೆಯಿಡಲು ಆಸ್ತಿಯಿಲ್ಲದವನಿಗೆ ಅವನ ಉಳಿತಾಯದ ಶಿಸ್ತೇ ಯೋಗ್ಯತಾಪತ್ರವಾಗುತ್ತದೆ. ಇಂಥ ಸೇವೆಗೆ ಖರ್ಚಿಲ್ಲವೆಂದಲ್ಲ. ಸಣ್ಣ ಮೊತ್ತಗಳನ್ನು ಕೂಡಿಸಲು ಶ್ರಮ ಹೆಚ್ಚು. ಏಜೆಂಟನಿಗೆ ಕಮಿಷನ್ನನ್ನೂ ಕೊಡಬೇಕು. ಆದರೆ ಜಾಹೀರಾತಿಗೆ ಸುರಿದ ಹಣ ತರಲಾರದ ಆತ್ಮೀಯತೆಯನ್ನು ಈ ಖರ್ಚು ಗಳಿಸಿಕೊಡುತ್ತದೆ.

ಕಾಲ ಉರುಳಿತು. 1969ರಲ್ಲಿ ರಾಷ್ಟ್ರೀಕರಣಗೊಂಡ ಹದಿನಾಲ್ಕು ಬ್ಯಾಂಕುಗಳಲ್ಲಿ ಸಿಂಡಿಕೇಟ್ ಬ್ಯಾಂಕೂ ಒಂದಾಗಿತ್ತು. 2020ರ ಏಪ್ರಿಲ್ 1ರಂದು ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಸಂಸ್ಥೆಯ ಹೆಸರು ಮರೆಯಾದರೂ ‘ಪಿಗ್ಮಿ ಕಟ್ಟುವುದು’ ಎಂಬ ಮಾತು ಕನ್ನಡಿಗರ ನಾಲಗೆಯ ಮೇಲೆ ಉಳಿದಿದೆ. ಆ ಪದ್ಧತಿಯನ್ನು ಅನೇಕ ಸಹಕಾರ ಸಂಘಗಳು ಇಂದಿಗೂ ನಡೆಸುತ್ತಿವೆ.

ಹಾಲಿನ ಡೈರಿಯಾಗಲಿ, ಹೊಲಿಗೆಯ ಅಂಗಡಿಯಾಗಲಿ, ಯಂತ್ರ ರಿಪೇರಿಯಾಗಲಿ, ಹೊಸ ಉದ್ಯಮವನ್ನು ಆರಂಭಿಸುವ ಪ್ರತಿಯೊಬ್ಬರಿಗೂ ಇದರಲ್ಲಿ ಪಾಠವಿದೆ. ಗ್ರಾಹಕನು ಬರಲೆಂದು ಕಾಯುವ ಬದಲು ಅವನಿರುವಲ್ಲಿಗೆ ಹೋಗಬೇಕು. ಅವನ ಶಕ್ತಿಯ ಅಳತೆಗೆ ನಮ್ಮ ಸೇವೆಯನ್ನು ಹೊಂದಿಸಬೇಕು. ಲೆಕ್ಕವನ್ನು ಅವನ ಕಣ್ಣೆದುರಿನಲ್ಲಿಯೇ ಇಡಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಆರಂಭಶೂರತ್ವವನ್ನು ಬಿಟ್ಟು, ಮೊದಲ ದಿನದ ಶ್ರದ್ಧೆಯನ್ನು ಮುನ್ನೂರನೆಯ ದಿನವೂ ಉಳಿಸಿಕೊಳ್ಳಬೇಕು. ಎರಡಾಣೆ ಕೊಡುವವನನ್ನು ಗೌರವದಿಂದ ಕಂಡ ಸಂಸ್ಥೆಯನ್ನು ಸಾವಿರ ರೂಪಾಯಿ ಉಳ್ಳವನೂ ನಂಬುತ್ತಾನೆ.