ನಿಮಗಿದು ಗೊತ್ತೇ? ಫಾಲ್ಸ್ ಸೀಲಿಂಗಿನ ಮೇಲೊಂದು ಮರುಭೂಮಿ

ದುಬೈ, ಶಾರ್ಜಾ, ಅಬುಧಾಬಿಯ ಹೊಸ ಫ್ಲ್ಯಾಟಿಗೆ ಮೊದಲ ಸಲ ಕಾಲಿಡುವ ಉಡುಪಿ–ಮಂಗಳೂರಿನವರು ಗೋಡೆಯ ಮೇಲೆ ಎಸಿ ಹುಡುಕುತ್ತಾರೆ. ಅದು ಅಲ್ಲಿರುವುದೇ ಇಲ್ಲ. ಸಾಮಾನ್ಯವಾಗಿ ಬಾತ್‌ರೂಮಿನ ಇಲ್ಲವೇ ಪ್ಯಾಸೇಜಿನ ಫಾಲ್ಸ್ ಸೀಲಿಂಗಿನ ಮೇಲೆ ಅಡಗಿ ಕೂತಿರುತ್ತದೆ. ಅಲ್ಲಿನ ಕೆಲಸಗಾರರು ಅದನ್ನು ‘ಎಫ್‌ಸಿಯು’ ಎನ್ನುತ್ತಾರೆ: ಒಂದು ಫ್ಯಾನು, ಒಂದು ತಣ್ಣನೆಯ ಕಾಯಿಲ್, ಕೆಳಗೊಂದು ನೀರಿನ ಟ್ರೇ. ಅಲ್ಲಿಂದ ಹೊರಟ ತಗಡಿನ ಡಕ್ಟ್ ಕೋಣೆ ಕೋಣೆಗೂ ಗಾಳಿ ಒಯ್ಯುತ್ತದೆ.

ಎಷ್ಟೋ ಕಟ್ಟಡಗಳಲ್ಲಿ ಕಂಪ್ರೆಸರ್ ಕೂಡ ಇರುವುದಿಲ್ಲ! ಇಡೀ ಬಡಾವಣೆಗೆ ಒಂದೇ ಸ್ಥಾವರದಲ್ಲಿ ನೀರು ತಣಿಸಿ ಪೈಪಿನಲ್ಲಿ ಮನೆಮನೆಗೆ ಕಳಿಸುತ್ತಾರೆ. ಬಾಡಿಗೆ ಜಾಹೀರಾತಿನ ‘ಚಿಲ್ಲರ್ ಫ್ರೀ’ ಎಂಬ ಮಾತಿನ ಅರ್ಥ, ಆ ತಣ್ಣೀರಿನ ಬಿಲ್ಲು ನಿಮ್ಮದಲ್ಲ ಎಂದಷ್ಟೇ. ಡಕ್ಟ್ ತೊಳೆಸುವ ಖರ್ಚು ಯಾರದೆಂಬುದನ್ನು ಕರಾರುಪತ್ರದಲ್ಲೇ ಓದಿ ನೋಡಬೇಕು.

ಕೊಲ್ಲಿಯ ಮನೆಗಳಿಗೆ ನುಗ್ಗುವ ಧೂಳೆಲ್ಲ ಪಕ್ಕದ ಮರಳುದಿಬ್ಬದ್ದಲ್ಲ. ಬೇಸಿಗೆಯಲ್ಲಿ ವಾಯವ್ಯದಿಂದ ಬೀಸುವ ‘ಶಮಾಲ್’ ಗಾಳಿ, ಇರಾಕಿನ ಟೈಗ್ರಿಸ್–ಯೂಫ್ರೆಟಿಸ್ ಬಯಲಿನ ನುಣುಪು ಮೆಕ್ಕಲು ಮಣ್ಣನ್ನು ನೂರಾರು ಕಿಲೋಮೀಟರ್ ಹೊತ್ತು ತರುತ್ತದೆ. ಮರಳಿನ ಕಾಳು ಭಾರಕ್ಕೆ ಬೇಗ ಕೆಳಗೆ ಬೀಳುತ್ತದೆ. ದೂರ ಸಾಗುವುದು ಹಿಟ್ಟಿನಂಥ ಪುಡಿ. ಅದರಲ್ಲಿ 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲವು. ತಲೆಗೂದಲಿನ ದಪ್ಪ ಸುಮಾರು 50ರಿಂದ 70 ಮೈಕ್ರಾನ್ ಎಂದರೆ ಲೆಕ್ಕ ಸಿಕ್ಕೀತು.

ಆ ಧೂಳನ್ನು ಬೈಯುವ ಮುನ್ನ ಇದನ್ನೂ ಕೇಳಿ. ಅರಬ್ಬಿ ಸಮುದ್ರದ ಮೇಲೆ ಪಶ್ಚಿಮ ಏಷ್ಯಾದ ಧೂಳು ಹೆಚ್ಚಾದರೆ, ವಾರದೊಳಗೆ ಮಧ್ಯಭಾರತದಲ್ಲಿ ಮುಂಗಾರು ಮಳೆ ಚುರುಕಾಗುತ್ತದೆ ಎಂದು 2014ರಲ್ಲಿ ‘ನೇಚರ್ ಜಿಯೋಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ತೋರಿಸಿತು. ಧೂಳು ಬಿಸಿಲನ್ನು ಹೀರಿ ಸುತ್ತಲಿನ ಗಾಳಿಯನ್ನು ಬಿಸಿಮಾಡುತ್ತದೆ, ಆ ಬಿಸಿ ತೇವದ ಗಾಳಿಯನ್ನು ಭಾರತದತ್ತ ಎಳೆಯುತ್ತದೆ. ದುಬೈಯಲ್ಲಿ ಕಿರಿಕಿರಿ, ನಾಗಪುರದಲ್ಲಿ ಮಳೆ.

ಹಾಗಾದರೆ ಡಕ್ಟಿನೊಳಗೆ ಕೂತ ಧೂಳು ಅಪಾಯವೇ? ಬರೀ ಒಣ ಧೂಳಾದರೆ, ಜಾಹೀರಾತುಗಳು ಹೆದರಿಸುವಷ್ಟೇನಲ್ಲ. ಡಕ್ಟ್ ತೊಳೆಸಿದ್ದರಿಂದ ಕಾಯಿಲೆ ತಪ್ಪಿತು ಎಂಬುದು ಈವರೆಗೆ ಸಾಬೀತಾಗಿಲ್ಲ ಎನ್ನುತ್ತದೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ. ಡಕ್ಟಿನ ಕೊಳೆಯಲ್ಲಿ ಬಹುಪಾಲು ತಗಡಿಗೇ ಅಂಟಿಕೊಂಡಿರುತ್ತದೆ, ಕೋಣೆಗೆ ಬಂದೇ ಬರುತ್ತದೆ ಎನ್ನುವಂತಿಲ್ಲ ಎಂಬುದೂ ಅದರದೇ ಮಾತು. ವರ್ಷಕ್ಕೊಮ್ಮೆ ಪಂಚಾಂಗ ನೋಡಿ ಮಾಡಿಸುವ ಕೆಲಸ ಇದಲ್ಲ. ಕಣ್ಣಿಗೆ ಕಾಣುವಂತೆ ಬೂಷ್ಟು ಬೆಳೆದಿದ್ದರೆ, ಇಲಿ–ಜಿರಳೆ ಸೇರಿಕೊಂಡಿದ್ದರೆ, ಇಲ್ಲವೇ ಗ್ರಿಲ್ಲಿನಿಂದ ಕಸ ಉದುರುವಷ್ಟು ಧೂಳು ಕಟ್ಟಿದ್ದರೆ ಮಾಡಿಸಿ.

ಅದೇ ಸಂಸ್ಥೆ ಡಕ್ಟ್ ತೊಳೆಯುವ ಯಾವ ಕಂಪನಿಗೂ ಪ್ರಮಾಣಪತ್ರ ಕೊಡುವುದಿಲ್ಲ. ಕರಪತ್ರದಲ್ಲಿ ‘ಇಪಿಎ ಪ್ರಮಾಣಿತ’ ಎಂದು ಕಂಡರೆ, ಮುಂದಿನ ಸಾಲು ಓದುವ ಶ್ರಮವೂ ಬೇಡ.

ನಿಜವಾದ ಖಳ ನೀರು. ಧೂಳು ಬೂಷ್ಟಿಗೆ ಆಹಾರ ಮಾತ್ರ. ತೇವ ಸಿಗದೆ ಅದು ಬೆಳೆಯದು. ಕೊಲ್ಲಿಯ ಕರಾವಳಿಯಲ್ಲಿ ತೇವಕ್ಕೆ ಬರವೇ? ಸೌದಿ ಅರೇಬಿಯದ ದಹ್ರಾನ್‌ನಲ್ಲಿ 2003ರ ಜುಲೈ 8ರಂದು ಇಬ್ಬನಿ ಬಿಂದು 35 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಅಂದರೆ 35 ಡಿಗ್ರಿಗಿಂತ ತಣ್ಣಗಿರುವ ಏನನ್ನೇ ಹೊರಗಿಟ್ಟರೂ ಅದರ ಮೇಲೆ ನೀರು ಕೂರುತ್ತಿತ್ತು. ಎಸಿಯ ಕಾಯಿಲ್ ಅದಕ್ಕಿಂತ ಎಷ್ಟೋ ತಣ್ಣಗಿರುತ್ತದೆ. ಸೆಖೆಯ ದಿನಗಳಲ್ಲಿ ಅದರಿಂದ ಬಕೆಟ್‌ಗಟ್ಟಲೆ ನೀರು ಇಳಿದು ಟ್ರೇಗೆ ಬೀಳುತ್ತದೆ. ಟ್ರೇಯ ಪೈಪಿನಲ್ಲಿ ಲೋಳೆ ಕಟ್ಟಿದರೆ ಆ ನೀರು ಅಲ್ಲೇ ನಿಲ್ಲುತ್ತದೆ, ಉಕ್ಕಿದರೆ ಜಿಪ್ಸಮ್ ಸೀಲಿಂಗಿನಲ್ಲಿ ಹಳದಿ ಕಲೆ ಮೂಡುತ್ತದೆ.

1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಮೊದಲ ಆಧುನಿಕ ಏರ್ ಕಂಡಿಷನಿಂಗ್ ವ್ಯವಸ್ಥೆ ರೂಪಿಸಿದ್ದೂ ಮನುಷ್ಯರ ಸೆಖೆ ಕಳೆಯಲಿಕ್ಕಲ್ಲ. ಅಲ್ಲಿನ ಮುದ್ರಣಾಲಯದಲ್ಲಿ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ಗಾಳಿಯ ತೇವ ಹಿಡಿತಕ್ಕೆ ಬರಬೇಕಿತ್ತು. ತಂಪು ಜೊತೆಗೆ ಬಂದ ಲಾಭ.

ಎಸಿ ಹಾಕಿದ ಕೂಡಲೇ ಮುಗ್ಗಲು ವಾಸನೆ, ಬೆವರಿದ ಕಾಲುಚೀಲದ ವಾಸನೆ ಬರುತ್ತದೆಯೇ? ಡಕ್ಟಿಗಿಂತ ಮೊದಲು ಕಾಯಿಲನ್ನು ಅನುಮಾನಿಸಿ. ಒದ್ದೆ ಕಾಯಿಲಿನ ಮೇಲೆ ಬ್ಯಾಕ್ಟೀರಿಯಾ ಪದರ ಕಟ್ಟಿದಾಗ ಹೀಗಾಗುತ್ತದೆ. ಎಷ್ಟು ಸಲ ಡಕ್ಟ್ ಗುಡಿಸಿದರೂ ಅದು ಹೋಗದು.

ಸೀಲಿಂಗ್ ಗ್ರಿಲ್ಲಿನ ಸುತ್ತ ಕಪ್ಪು ಪಟ್ಟಿ ಕಂಡರೆ ‘ನೋಡಿ ಸಾರ್, ಡಕ್ಟ್ ತುಂಬಾ ಹೊಲಸು’ ಎಂದು ತೋರಿಸುವವರು ಸಿಗುತ್ತಾರೆ. ಸಾಮಾನ್ಯವಾಗಿ ಅದು ಕೋಣೆಯದೇ ಧೂಳು. ಗ್ರಿಲ್ಲಿನಿಂದ ರಭಸವಾಗಿ ಹೊರಡುವ ಗಾಳಿ ಸುತ್ತಲಿನ ಗಾಳಿಯನ್ನೂ ಸೆಳೆದುಕೊಂಡು ಸೀಲಿಂಗಿಗೆ ಉಜ್ಜುತ್ತ ಸಾಗುತ್ತದೆ. ಅದರಲ್ಲಿದ್ದ ಧೂಪ, ಒಗ್ಗರಣೆ ಹೊಗೆ, ಹತ್ತಿಯ ನವಿರು ಎಲ್ಲ ಅಲ್ಲೇ ಮೆತ್ತಿಕೊಳ್ಳುತ್ತವೆ. ಒದ್ದೆ ಬಟ್ಟೆ ಸಾಕು. ಆದರೆ ಗ್ರಿಲ್ಲಿನ ಮೇಲೆಯೇ ಚುಕ್ಕಿ ಚುಕ್ಕಿಯಾಗಿ ಕಪ್ಪು ಹಬ್ಬಿದ್ದರೆ ಅದು ಬೂಷ್ಟಿರಬಹುದು. ಬಾಲ್ಕನಿ ಬಾಗಿಲು ತೆರೆದಿಟ್ಟು ಎಸಿ ಓಡಿಸಿದರೆ ತಣ್ಣನೆಯ ಗ್ರಿಲ್ ಬೆವರುತ್ತದೆ, ಬೂಷ್ಟಿಗೆ ಬೇಕಾದ್ದೂ ಅದೇ.

ಹೊಚ್ಚ ಹೊಸ ಮನೆಯ ಡಕ್ಟ್ ಹಳೆಯದಕ್ಕಿಂತ ಕೊಳಕಾಗಿರಬಹುದು! ಕಟ್ಟುವಾಗಿನ ಸಿಮೆಂಟ್ ಪುಡಿ, ಜಿಪ್ಸಮ್ ಹುಡಿ, ಮರದ ಹೊಟ್ಟು ಬಾಯಿ ತೆರೆದ ನಾಳದೊಳಗೆ ಸೇರಿರುತ್ತವೆ. ಡಕ್ಟ್ ತೊಳೆಸಲು ಒಳ್ಳೆಯ ಕಾರಣವೆಂದರೆ, ನನ್ನ ಮಟ್ಟಿಗೆ, ಇದೇ: ಗೃಹಪ್ರವೇಶಕ್ಕೆ ಮೊದಲೊಮ್ಮೆ, ಟೈಲ್ಸ್ ಕೀಳಿಸಿ ರಿಪೇರಿ ಮಾಡಿಸಿದ ಮೇಲೊಮ್ಮೆ.

ಮುಚ್ಚಿಹೋದ ಫಿಲ್ಟರ್ ತೆಗೆದು ಶುಚಿಯಾದದ್ದು ಹಾಕಿದರೆ ಎಸಿಯ ವಿದ್ಯುತ್ ಬಳಕೆ ಶೇಕಡಾ 5ರಿಂದ 15ರಷ್ಟು ಇಳಿಯಬಹುದು ಎಂಬುದು ಅಮೆರಿಕದ ಇಂಧನ ಇಲಾಖೆಯ ಲೆಕ್ಕ. ಧೂಳಿನ ತಿಂಗಳುಗಳಲ್ಲಿ ಜಾಲರಿ ಫಿಲ್ಟರನ್ನು ಆಗಾಗ ನಲ್ಲಿಯ ಕೆಳಗೆ ತೊಳೆಯಿರಿ, ಪೂರ್ತಿ ಒಣಗಿಸಿಯೇ ಹಾಕಿ. ಇದಕ್ಕೆ ಯಾರನ್ನೂ ಕರೆಸಬೇಕಿಲ್ಲ. ಫಿಲ್ಟರಿನ ಸೂಕ್ಷ್ಮತೆಯನ್ನು ‘ಮರ್ವ್’ ಅಂಕಿಯಲ್ಲಿ ಅಳೆಯುತ್ತಾರೆ. ಮರ್ವ್ 13ರದ್ದು 0.3ರಿಂದ 1 ಮೈಕ್ರಾನ್ ಕಣಗಳಲ್ಲೂ ಅರ್ಧದಷ್ಟನ್ನಾದರೂ ಹಿಡಿಯುತ್ತದೆ. ಹಾಗೆಂದು ಆಸೆಪಟ್ಟು ಚಿಕ್ಕ ಫ್ಯಾನಿನ ಯೂನಿಟ್ಟಿಗೆ ದಟ್ಟ ಫಿಲ್ಟರ್ ತುರುಕಿದರೆ ಗಾಳಿಯೇ ಬಾರದು.

ಡಕ್ಟಿನ ಕೀಲುಗಳು ಸೋರುತ್ತವೆ. ಅಮೆರಿಕದ ಸಾಧಾರಣ ಮನೆಯಲ್ಲಿ ಡಕ್ಟಿನ ಗಾಳಿಯಲ್ಲಿ ಶೇಕಡಾ 20ರಿಂದ 30ರಷ್ಟು ಹೀಗೆ ಪೋಲಾಗುತ್ತದೆ ಎಂದು ಅಲ್ಲಿನ ಎನರ್ಜಿ ಸ್ಟಾರ್ ಯೋಜನೆ ಹೇಳುತ್ತದೆ. ಧೂಳಿನ ಊರಿನಲ್ಲಿ ಇದಕ್ಕಿಂತ ಕೆಟ್ಟದ್ದು ಹಿಮ್ಮುಖ ಸೋರಿಕೆ. ಕೋಣೆಯ ಗಾಳಿಯನ್ನು ಮರಳಿ ಎಳೆಯುವ ಕಡೆ ಸಂದಿ ಬಿಟ್ಟಿದ್ದರೆ, ಫಾಲ್ಸ್ ಸೀಲಿಂಗಿನ ಮೇಲಿನ ಧೂಳನ್ನೆಲ್ಲ ಫ್ಯಾನು ಹೀರಿಕೊಳ್ಳುತ್ತದೆ, ಅದೂ ಫಿಲ್ಟರನ್ನು ದಾಟದೆ. ಸಂದಿ ಮುಚ್ಚದೆ ಡಕ್ಟ್ ತೊಳೆಸುವುದು ತೂತುಕೊಡಕ್ಕೆ ನೀರು ಹೊತ್ತಂತೆ.

ತೊಳೆಯುವ ಕ್ರಮ ಹೀಗಿರಬೇಕು. ಗ್ರಿಲ್ಲುಗಳನ್ನು ಮುಚ್ಚಿ, ದೊಡ್ಡ ವ್ಯಾಕ್ಯೂಮ್ ಯಂತ್ರದಿಂದ ಡಕ್ಟಿನ ಗಾಳಿಯನ್ನು ಒಂದೇ ಸಮ ಹೊರಗೆ ಎಳೆಯುತ್ತಿರುವಾಗಲೇ, ತಿರುಗುವ ಬ್ರಷ್ಷು ಇಲ್ಲವೇ ಒತ್ತಡದ ಗಾಳಿಯಿಂದ ಒಳಗಿನ ಧೂಳು ಸಡಿಲಿಸಬೇಕು. ಆಗ ಎದ್ದ ಧೂಳು ಮನೆಗೆ ಬಾರದೆ ಯಂತ್ರ ಸೇರುತ್ತದೆ. ಕಾಯಿಲ್, ಫ್ಯಾನು, ಟ್ರೇ ಎಲ್ಲವೂ ಅದೇ ದಿನ ಶುಚಿಯಾಗಬೇಕು. ಇಷ್ಟಕ್ಕೆ ತಾಸುಗಟ್ಟಲೆ ಹಿಡಿಯುತ್ತದೆ. ಗ್ರಿಲ್ ಬಿಚ್ಚಿ, ಕೈಗೆಟಕುವಷ್ಟು ದೂರ ಪೈಪ್ ತೂರಿಸಿ, ಅರ್ಧ ಗಂಟೆಯಲ್ಲಿ ರಸೀದಿ ಹರಿಯುವವರು ತೊಳೆದದ್ದು ನಿಮ್ಮ ಜೇಬನ್ನು. ಕೆಲಸಕ್ಕೆ ಮುಂಚಿನ, ಆಮೇಲಿನ ಫೋಟೊಗಳನ್ನು ಕೇಳಿ. ಅವು ನಿಮ್ಮದೇ ಡಕ್ಟಿನವೇ ಎಂದೂ ನೋಡಿ.

ಕೊನೆಗೆ ‘ಸ್ಯಾನಿಟೈಸ್’ ಮಾಡುತ್ತೇವೆಂದು ಪರಿಮಳದ ಹೊಗೆ ಬಿಡುತ್ತಾರಲ್ಲ? ಕೊಳೆಯ ಮೇಲೆ ಔಷಧಿ ಹೊಡೆದರೆ ಕೊಳೆ ಅಲ್ಲೇ ಇರುತ್ತದೆ. ಒಳಮೈಗೆ ಗ್ಲಾಸ್‌ವುಲ್ ಹಚ್ಚಿದ ಡಕ್ಟ್ ಒದ್ದೆಯಾಗಿ ಬೂಷ್ಟು ಹಿಡಿದರಂತೂ ಯಾವ ಬ್ರಷ್ಷೂ ಔಷಧಿಯೂ ನಡೆಯದು. ಆ ಭಾಗ ಕಿತ್ತು ಹೊಸದು ಹಾಕಿಸಬೇಕು.

1976ರಲ್ಲಿ ಫಿಲಡೆಲ್ಫಿಯದ ಹೋಟೆಲೊಂದರಲ್ಲಿ ಸೇರಿದ್ದ ಮಾಜಿ ಸೈನಿಕರಿಗೆ ಬಂದ ‘ಲೀಜನೇರ್ಸ್’ ನ್ಯುಮೋನಿಯವನ್ನು ಹೇಳಿ ಹೆದರಿಸುವವರೂ ಇದ್ದಾರೆ. ಆ ಬ್ಯಾಕ್ಟೀರಿಯ ಹರಡುವುದು ದೊಡ್ಡ ಕಟ್ಟಡಗಳ ಕೂಲಿಂಗ್ ಟವರಿನಂಥ ಬೆಚ್ಚಗಿನ ನೀರಿನ ತುಂತುರಿನಿಂದ. ಮನೆಯ ಒಣ ಡಕ್ಟಿನ ಧೂಳಿಗೂ ಅದಕ್ಕೂ ಸಂಬಂಧವಿಲ್ಲ.

ಜುಲೈ–ಆಗಸ್ಟ್ ಶಾಲೆ ರಜೆಗೆ ಊರಿಗೆ ಹೊರಡುವವರು ಕರೆಂಟು ಉಳಿಸಲು ಎಸಿಯನ್ನು ಪೂರ್ತಿ ಆರಿಸುತ್ತಾರೆ. ಮರಳಿದಾಗ ಬೀರುವಿನ ಚರ್ಮದ ಬೆಲ್ಟು, ಶೂ, ರೇಷ್ಮೆ ಸೀರೆಯ ಮೇಲೆ ಬೂಷ್ಟಿನ ಸ್ವಾಗತ. ಉಳಿಸಿದ ಬಿಲ್ಲು ಡ್ರೈಕ್ಲೀನರಿಗೆ ಹೋಗುತ್ತದೆ. ಉಷ್ಣಾಂಶ ತುಸು ಏರಿಸಿಟ್ಟು, ‘ಆಟೋ’ದಲ್ಲಿ ಓಡಲು ಬಿಟ್ಟು ಬರುವುದು ಜಾಣತನ. ಥರ್ಮೋಸ್ಟಾಟಿನ ಫ್ಯಾನ್ ಗುಂಡಿ ‘ಆನ್’ನಲ್ಲಿ ಇರದಿರಲಿ: ಕಾಯಿಲ್ ತಣ್ಣಗಾಗುವುದು ನಿಂತ ಮೇಲೂ ಫ್ಯಾನು ತಿರುಗಿದರೆ, ಕಾಯಿಲಿನ ಮೇಲಿದ್ದ ನೀರು ಆವಿಯಾಗಿ ಮತ್ತೆ ಕೋಣೆಗೇ ಬರುತ್ತದೆ.

ತೇವವನ್ನು ನೆಚ್ಚಿರುವುದು ಬೂಷ್ಟೊಂದೇ ಅಲ್ಲ, ಧೂಳಿನ ನುಸಿಯೂ ಹೌದು. ಅದು ನೀರು ಕುಡಿಯುವುದಿಲ್ಲ. ಗಾಳಿಯ ತೇವವನ್ನು ಮೈಯಿಂದ ಹೀರಿ ಬದುಕುತ್ತದೆ. ಮನೆಯ ಆರ್ದ್ರತೆ ಶೇಕಡಾ 50ಕ್ಕಿಂತ ಕೆಳಗಿದ್ದರೆ ಅದರ ಬಾಳು ಕಷ್ಟ.

ಇನ್ನು ನಮ್ಮ ಕಡೆ. ಬೆಂಗಳೂರು, ಹುಬ್ಬಳ್ಳಿಯ ಮನೆಗಳ ಸ್ಪ್ಲಿಟ್ ಎಸಿಗೆ ಡಕ್ಟೇ ಇಲ್ಲ. ಅದಕ್ಕೆ ‘ಡಕ್ಟ್ ಕ್ಲೀನಿಂಗ್’ ಎಂದು ಬಿಲ್ಲಿನಲ್ಲಿ ಬರೆದಿದ್ದರೆ, ಯಾವ ಡಕ್ಟು ತೋರಿಸಪ್ಪಾ ಎಂದು ಕೇಳಿ.