ಹಾಲಿನ ನರಕ್ಕೆ ಸೂಜಿ ಬೇಡ



ಹಸು ಕೊಳ್ಳುವಾಗ ಹೊಟ್ಟೆಯಡಿ ಹಗ್ಗದಂತೆ ಡೊಂಕಾಗಿ ಸಾಗುವ 'ಹಾಲಿನ ನರ'ವನ್ನು ನೀವು ಮುಟ್ಟಿ ನೋಡುತ್ತೀರಿ. ಹೆಸರಷ್ಟೇ ನರ, ಅದು ರಕ್ತನಾಳ. ಅದರಲ್ಲಿ ಹರಿಯುವುದೂ ಹಾಲಲ್ಲ, ಕೆಚ್ಚಲಿನಿಂದ ಹೃದಯಕ್ಕೆ ಹಿಂದಿರುಗುವ ರಕ್ತ. ಒಂದು ಲೀಟರ್ ಹಾಲು ತಯಾರಾಗಲು ಸುಮಾರು 400ರಿಂದ 500 ಲೀಟರ್ ರಕ್ತ ಕೆಚ್ಚಲಿನ ಮೂಲಕ ಹಾದುಹೋಗಬೇಕು. ಇರುವ ರಕ್ತವೇ ಮತ್ತೆ ಮತ್ತೆ ಸುತ್ತುತ್ತದೆ.

ಹೃದಯದಿಂದ ರಕ್ತ ತರುವುದು ಅಪಧಮನಿ. ಸೂಕ್ಷ್ಮದರ್ಶಕದಲ್ಲಿ ಅದರ ಗೋಡೆಯ ಮೂರು ಪದರ ಕಾಣುತ್ತವೆ. ನಡುವಿನ ಪದರ ಸ್ನಾಯು ಮತ್ತು ರಬ್ಬರಿನಂತೆ ಹಿಗ್ಗುವ ಎಳೆಗಳಿಂದ ದಪ್ಪಗಿರುತ್ತದೆ. ಪ್ರತಿ ಬಡಿತದ ಒತ್ತಡ ತಡೆಯಬೇಕಲ್ಲ! ರಕ್ತ ಹಿಂದಿರುಗಿಸುವ ಅಭಿಧಮನಿಗೂ ಮೂರು ಪದರವಿದೆ, ಆದರೆ ನಡುವಿನದು ತೆಳು. ಒಳಗೆ ಅಲ್ಲಲ್ಲಿ ಕವಾಟಗಳು. ಅಡಿಕೆ ತೋಟದ ಪಂಪಿನ ಫುಟ್‌ವಾಲ್ವಿನಂತೆ ಹಿಂದಕ್ಕೆ ಹರಿಯಲು ಬಿಡುವುದಿಲ್ಲ. ಹಾಲಿನ ನರ ಈ ಜಾತಿಯದು.

ಇವೆರಡರ ನಡುವೆ ಲೋಮನಾಳ. ಗೋಡೆ ಒಂದೇ ಜೀವಕೋಶದಷ್ಟು ತೆಳು, ರಕ್ತಕಣಗಳು ಒಂದರ ಹಿಂದೊಂದು ಹೋಗುವಷ್ಟೇ ಜಾಗ. ಹಾಲು ತಯಾರಿಸುವ ಕೋಶಗಳಿಗೆ ಸಕ್ಕರೆ, ಕ್ಯಾಲ್ಸಿಯಂ, ನೀರು ದಾಟಿ ಹೋಗುವುದು ಇಲ್ಲಿಯೇ. ಕರು ಹಾಕಿದ ಹೊಸತರಲ್ಲಿ, ಬಾತ ಕೆಚ್ಚಲಿನಲ್ಲಿ ಇವು ಒಡೆದರೆ ಹಾಲು ಕೆಂಪಗಾಗುತ್ತದೆ. ದೃಷ್ಟಿಯಾಯಿತೆಂದು ಮೆಣಸಿನಕಾಯಿ ನಿವಾಳಿಸುವವರಿದ್ದಾರೆ. ನಿವಾಳಿಸಿ, ಬೇಡವೆನ್ನುವುದಿಲ್ಲ, ಆದರೆ ಆ ಹಾಲನ್ನು ಡೇರಿಗೆ ಹಾಕಬೇಡಿ, ಮೃದುವಾಗಿ ಕರೆಯಿರಿ. ಕೆಚ್ಚಲು ಬಿಸಿಯಾಗಿ ನೋವಿದ್ದರೆ, ಇಲ್ಲವೇ ಎರಡು ಮೂರು ದಿನದಲ್ಲಿ ಕಡಿಮೆಯಾಗದಿದ್ದರೆ ನಮಗೆ ತಿಳಿಸಿ.

ಈಗ ನನ್ನ ಚಿಂತೆಯ ವಿಷಯ. ಸಾಗರದ ಹಿನ್ನೀರಿನಾಚೆ, ಹೊಸನಗರ, ತೀರ್ಥಹಳ್ಳಿಯ ಒಂಟಿ ಮನೆಗಳಿಗೆ ಮಳೆಗಾಲದಲ್ಲಿ ನಾವು ತಲುಪುವುದು ತಡವಾಗುತ್ತದೆ. ಹಾಲು ಜ್ವರದಿಂದ ಹಸು ಮಲಗಿರುತ್ತದೆ. ಆಗ ಯಾರೋ ಬಂದು, ಕಣ್ಣಿಗೆ ಕಾಣುವ ಹಾಲಿನ ನರಕ್ಕೇ ಕ್ಯಾಲ್ಸಿಯಂ ಬಾಟಲಿ ಏರಿಸುತ್ತೇನೆ ಎನ್ನುತ್ತಾರೆ. ಒಪ್ಪಬೇಡಿ. ತೆಳು ಗೋಡೆ, ಒಳಗೆ ತುಂಬು ರಕ್ತ. ಸೂಜಿ ತೆಗೆದ ಮೇಲೆ ರಕ್ತ ಚರ್ಮದಡಿ ಜಿನುಗಿ ಗಡ್ಡೆಯಾಗುತ್ತದೆ, ಕೀವೂ ಆಗಬಹುದು. ಸೋರಿದ ಕ್ಯಾಲ್ಸಿಯಂ ಸುತ್ತಲ ಮಾಂಸವನ್ನು ಕೆಡಿಸುತ್ತದೆ. ನಾವು ಕೊಡುವುದು ಕುತ್ತಿಗೆಯ ಅಭಿಧಮನಿಗೆ, ಅದೂ ಎದೆಬಡಿತ ಕೇಳಿಸಿಕೊಳ್ಳುತ್ತಾ, ನಿಧಾನವಾಗಿ. ಬೇಗ ಬಿಟ್ಟರೆ ಹೃದಯವೇ ನಿಂತುಬಿಡಬಹುದು.

ನಾವು ಬರುವವರೆಗೆ ಹಸುವನ್ನು ಎದೆಯ ಮೇಲೆ ಕೂರಿಸಿ, ಎರಡೂ ಬದಿಗೆ ಹುಲ್ಲು ತುಂಬಿದ ಗೋಣಿಚೀಲ ಒತ್ತುಕೊಡಿ. ಬಾಯಿಗೆ ಏನನ್ನೂ ಹೊಯ್ಯಬೇಡಿ; ಅದಕ್ಕೆ ಆಗ ಸರಿಯಾಗಿ ನುಂಗಲಾಗುವುದಿಲ್ಲ, ಹೊಯ್ದದ್ದು ಶ್ವಾಸಕೋಶಕ್ಕೆ ಹೋಗುತ್ತದೆ.