ಬಿಳಿ ಎಲೆಗೆ ಜಿಂಕ್ ಹೊಡಿಬ್ಯಾಡ್ರಿ!

ಹೋದ ಮಾರ್ಚ್‌ನಲ್ಲಿ ಮಸ್ಕಿಯ ಹುಡುಗನೊಬ್ಬ ವಾಟ್ಸಾಪ್‌ಗೆ ಫೋಟೊ ಕಳಿಸಿದ. "ಅಣ್ಣಾ, ಎಲಿ ಬೆಳ್ಳಗ ಅದಾವಂತ ಅಪ್ಪ ಯೂರಿಯಾ ಹಾಕ್ಯಾನ. ಈಗ ಅಂಚು ಸುಡಾಕ ಹತ್ಯಾವು. ನಾಳೆ ಜಿಂಕ್ ಹೊಡೀತಾನಂತ. ಏನ್ ಮಾಡ್ಲಿ?"

ಅದು ಮಾರ್ಬಲ್ ಕ್ವೀನ್ ಮನಿ ಪ್ಲಾಂಟ್. ಮನೆಯಲ್ಲೇ ಸಣ್ಣ ನರ್ಸರಿ ಮಾಡೋಣ ಅಂತ ಹತ್ತಿ ಮಾರಿದ ದುಡ್ಡಿನಲ್ಲಿ ಇಪ್ಪತ್ತು ಕುಂಡ ತಂದಿದ್ದ. ಅಪ್ಪನನ್ನೂ ಬೈಯುವಂಗಿಲ್ಲ. ಭತ್ತದ ಎಲೆ ಬಿಳಿಚಿದರೆ ಜಿಂಕ್ ಕೊರತೆ ಇರಬಹುದು ಅಂತ ನೋಡೋದು ನಮ್ಮ ಭಾಗದ ರೂಢಿ.

ಕೊರತೆಯಿದ್ದರೆ ಬಣ್ಣ ಒಂದೇ ತರಹ ಕೆಡುತ್ತದೆ. ಕಬ್ಬಿಣ ಕಡಿಮೆಯಾದಾಗ ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಇಲ್ಲಿ ಹಾಗಲ್ಲ. ಒಂದು ಎಲೆಯಂತೆ ಇನ್ನೊಂದಿಲ್ಲ, ಬಿಳಿ-ಹಸಿರಿನ ಗಡಿ ಸ್ಪಷ್ಟ, ಗಿಡ ಗಟ್ಟಿಮುಟ್ಟು. ಅದು ಹುಟ್ಟಿನ ಗುಣ. ಬಿಳಿ ಭಾಗದಲ್ಲಿ ಪತ್ರಹರಿತ್ತು ಇರೋದಿಲ್ಲ, ಹಸಿರು ಭಾಗವೇ ದುಡಿದು ಇಡೀ ಎಲೆ ಸಾಕಬೇಕು. ಅದಕ್ಕೇ ಇಂಥ ಗಿಡ ನಿಧಾನ ಬೆಳೆಯುತ್ತದೆ, ಬೆಳಕೂ ಜಾಸ್ತಿ ಕೇಳುತ್ತದೆ.

ನಮ್ಮ ಮನೆಗಳಲ್ಲಿ ಬೇಸಿಗೆ ಬಂತೆಂದರೆ ಕಿಟಕಿ ಮುಚ್ಚಿ ಪರದೆ ಎಳೆಯುತ್ತೇವೆ. ಕತ್ತಲಾದರೆ ಹೊಸ ಎಲೆಗಳು ಹಸಿರಾಗುತ್ತಾ ಹೋಗುತ್ತವೆ. ಪಶ್ಚಿಮದ ಕಿಟಕಿಗಿಟ್ಟರೆ ಬಿಳಿ ಭಾಗ ಸುಟ್ಟು ಕಂದಾಗುತ್ತದೆ. ಪೂರ್ವದ ಕಿಟಕಿ ಒಳ್ಳೇದು. ಮಧ್ಯಾಹ್ನ ಕುಂಡದ ಮೇಲೆ ಕೈ ಹಿಡಿದು ನೋಡ್ರಿ: ನೆರಳು ಮಸುಕಾಗಿ ಬಿದ್ದರೆ ಸಾಕು. ಕಡು ಕಪ್ಪಾಗಿ ಬಿದ್ದರೆ ಹಿಂದೆ ಸರಿಸ್ರಿ. ಎಲ್ಲಾ ಹಸಿರಾದ ಕುಡಿ ಬಂದರೆ ಬಿಳಿ ಚೆನ್ನಾಗಿರುವ ಗೆಣ್ಣಿನ ತನಕ ಕತ್ತರಿಸಬೇಕು. ಬಿಟ್ಟರೆ ಹಸಿರು ಕುಡಿಯೇ ಗಿಡವನ್ನೆಲ್ಲ ಆಳುತ್ತದೆ. ವಾರಕ್ಕೊಮ್ಮೆ ಒಂದೇ ಜಾಗದಿಂದ ಫೋಟೊ ತೆಗೆದಿಟ್ಟರೆ ಈ ಬದಲಾವಣೆ ಬೇಗ ಗೊತ್ತಾಗುತ್ತದೆ.

ನಮ್ಮಲ್ಲಿ ಗಿಡ ಕೆಡಿಸುವುದು ಹೆಚ್ಚಾಗಿ ನೀರೇ. ಬೋರಿನ ನೀರು ಉಪ್ಪಾಗಿದ್ದರೆ ಕುಂಡದ ಮೇಲೆ ಬಿಳಿ ಪುಡಿ ಕೂರುತ್ತದೆ, ಎಲೆ ತುದಿ ಒಣಗುತ್ತದೆ. ಆರ್‌ಓ ಮಷಿನ್‌ನಿಂದ ಹೊರಗೆ ಹೋಗುವ ನೀರು ವೇಸ್ಟ್ ಯಾಕೆ ಅಂತ ಕುಂಡಕ್ಕೆ ಹಾಕುವವರಿದ್ದಾರೆ. ಸೋಸಿ ಉಳಿದ ಉಪ್ಪೆಲ್ಲ ಅದರಲ್ಲೇ ಇರುತ್ತದೆ. ಕೂಲರ್ ತಳದ ನೀರೂ ಅಷ್ಟೇ: ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಮಳೆ ನೀರು, ಇಲ್ಲಾಂದ್ರೆ ಕುಡಿಯುವ ಆರ್‌ಓ ನೀರು ಹಾಕ್ರಿ. ಬೆರಳಿನ ಎರಡು ಗೆಣ್ಣು ಆಳ ಒಣಗಿದ ಮೇಲೆ ಮಾತ್ರ. ಕೂಲರ್ ಗಾಳಿಗೆ ನೇರ ಇಡಬ್ಯಾಡ್ರಿ.

ಮಣ್ಣಿನ ವಿಷಯಕ್ಕೆ ಬಂದರೆ, ಸಿಂಧನೂರು ಕಡೆಯ ಎರೆಮಣ್ಣು ಭತ್ತಕ್ಕೆ ಸರಿ, ಕುಂಡಕ್ಕಲ್ಲ. ಹಸಿಯಾದರೆ ಬೇರಿಗೆ ಗಾಳಿ ಇಲ್ಲ, ಒಣಗಿದರೆ ಬಿರುಕು. ನಾನು ಲಿಂಗಸುಗೂರು ಕಡೆಯ ಮಸಾರಿ, ಕೋಕೋಪೀಟ್, ಎರೆಗೊಬ್ಬರ, ರೈಸ್ ಮಿಲ್ಲಿನ ಕಪ್ಪಗೆ ಸುಟ್ಟ ಹೊಟ್ಟು ಸಮ ಸಮ ಬೆರೆಸುತ್ತೇನೆ. ಹೊಟ್ಟು ತೊಳೆದು ಹಾಕಬೇಕು. ಬೆಳ್ಳನೆ ಬೂದಿ ಬೇಡ.

ಗೊಬ್ಬರದ ವಿಷಯದಲ್ಲಿ ನಾನೂ ಶಾಣ್ಯಾ ಏನಲ್ಲ. ಹೊಸದಾಗಿ ಸಾವಯವ ಶುರು ಮಾಡಿದಾಗ ಹುಮ್ಮಸ್ಸಿಗೆ ಮನೆಯೊಳಗಿನ ಕುಂಡಕ್ಕೂ ಜೀವಾಮೃತ ಸುರಿದಿದ್ದೆ. ಮನೆ ತುಂಬಾ ವಾಸನೆ, ಗುಂಗುರು, ಆಮೇಲೆ ಬೇರು ಕೊಳೆತು ಗಿಡ ಹೋಯ್ತು. ಈಗ ಒಂದು ಹಿಡಿ ಎರೆಗೊಬ್ಬರ, ಅದೂ ಎರಡು ತಿಂಗಳಿಗೊಮ್ಮೆ.

ಹುಡುಗನಿಗೆ ಹೇಳಿದ್ದು ಇಷ್ಟು: ಜಿಂಕ್ ಡಬ್ಬಿ ಬಚ್ಚಿಡು, ಕುಂಡದ ತಳದಿಂದ ಹರಿದು ಹೋಗುವಂಗ ಒಳ್ಳೆ ನೀರು ಮೂರು ಸಲ ಬಿಡು, ಬೇರು ಕಂದಾದವುಗಳಿಂದ ಆರೋಗ್ಯದ ಗೆಣ್ಣು ಕತ್ತರಿಸಿ ನೀರಲ್ಲಿಡು. ರಸ ತುರಿಕೆ ತರುತ್ತದೆ, ಕೈ ತೊಳಕೋ, ಮಕ್ಕಳು, ಕರುಗಳ ಬಾಯಿಗೆ ಸಿಗದಂಗ ಇಡು. ಏಳು ಗಿಡ ಹೋದವು. ಗೆಣ್ಣುಗಳು ಬೇರು ಬಿಟ್ಟವು. ಮೊನ್ನೆ ಅವನ ಅಪ್ಪನೇ ಫೋನ್ ಮಾಡಿ, "ಅರ್ಧ ಬಿಳಿ ಇರೋದಕ್ಕ ರೇಟ್ ಜಾಸ್ತಿ ಹೇಳಬೇಕೇನ್ರಿ?" ಅಂತ ಕೇಳಿದರು.